ಸಹಿ ಸಿಗದ ಅರ್ಜಿ

ಮೂಳೆ ವಾರ್ಡಿನಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ವಯಸ್ಸು ಮೂವತ್ತೇಳಾದರೂ ಎಪ್ಪತ್ತು ದಾಟಿದ ರೋಗಿಗಳಿಗೂ ಅವಳು ದೊಡ್ಡಕ್ಕನೇ. ನರ್ಸಿಂಗ್ ಸಹಾಯಕಿಯಾಗಿ ಹನ್ನೆರಡು ವರ್ಷ ಸವೆಸಿದ್ದಳು. ಹಾಸಿಗೆ ಹಿಡಿದವರ ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅವಳ ಕೆಲಸ. ಸೊಂಟ ಮುರಿದವರನ್ನು ಹಾ ಎನ್ನಿಸದೆ ಹೊರಳಿಸುವ ಅವಳ ಕೈ ನೋಡಿ ಹೊಸ ಡಾಕ್ಟರುಗಳು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಒಂದು ಬೆಳಿಗ್ಗೆ ಮೈ ಒರೆಸುವಾಗ ಒಬ್ಬ ರೋಗಿಯ ಮೀನಖಂಡ ಬಿಸಿಯಾಗಿ ಊದಿರುವುದು ಅವಳ ಕೈಗೆ ತಿಳಿಯಿತು. ನರ್ಸ್ ಹುಡುಗಿಗೆ ಹೇಳಿದಳು. "ನಿನ್ನ ಕೆಲಸ ನೀನು ನೋಡ್ಕೋ" ಎಂದಳು ಹುಡುಗಿ. ದೊಡ್ಡಕ್ಕ ನೇರವಾಗಿ ಹೋಗಿ ಡಾಕ್ಟರನ್ನೇ ಕರೆತಂದಳು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು. ಆದರೆ ಕೇಸ್ ಶೀಟಿನಲ್ಲಿ 'ನರ್ಸ್ ಗಮನಿಸಿದರು' ಎಂದು ಬರೆದಿತ್ತು. ಸಹಾಯಕಿಯರು ಗಮನಿಸುತ್ತಾರೆ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ಅವಳಿಗೆ ಮೈಯೆಲ್ಲ ಉರಿಯಿತು. ಆ ವಾರವೇ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಅರ್ಜಿ ತಂದಳು. ಸಹಾಯಕಿಯರಿಗೆಂದು ಅಲ್ಲಿ ಎರಡು ಸೀಟು ಮೀಸಲಿದ್ದವು, ನಲವತ್ತರವರೆಗೆ ಸೇರಬಹುದಿತ್ತು. ಹೆಡ್ ಸಿಸ್ಟರ್ ಸಹಿಯೊಂದು ಬೇಕಾಗಿತ್ತು, ಅಷ್ಟೇ.

ಹೆಡ್ ಸಿಸ್ಟರ್ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು.

"ಆಗಲ್ಲ ಕಣಮ್ಮ."

"ಯಾಕೆ ಸಿಸ್ಟರ್? ನನ್ನ ಕೆಲಸದಲ್ಲಿ ಏನಾದ್ರೂ ಕೊರತೆ ಇದೆಯಾ?"

"ಕೊರತೆ ಇದ್ದಿದ್ರೆ ಇವತ್ತೇ ಕಳಿಸ್ತಿದ್ದೆ. ನೀನು ಹೋದ್ರೆ ಈ ವಾರ್ಡ್ ಗತಿ ಏನು?"

"ಅಂದ್ರೆ ಚೆನ್ನಾಗಿ ಕೆಲಸ ಮಾಡಿದ್ದೇ ನನ್ನ ತಪ್ಪು!"

"ಎದುರು ಮಾತಾಡ್ಬೇಡ. ಹೋಗು."

ದೊಡ್ಡಕ್ಕ ಅಲ್ಲಾಡಲಿಲ್ಲ. "ಹೋಗ್ತೀನಿ. ಯಾಕೆ ಸಹಿ ಹಾಕಲ್ಲ ಅಂತ ಬರೆದುಕೊಡಿ. ಬಾಯಿಮಾತು ಬೇಡ."

ಹೊರಗೆ ಕಾರಿಡಾರಿನಲ್ಲಿ ಇಬ್ಬರು ಸಹಾಯಕಿಯರು ಕಿವಿಗೊಟ್ಟು ನಿಂತಿದ್ದರು. ಹೆಡ್ ಸಿಸ್ಟರಿಗೆ ರೇಗಿಹೋಯಿತು. ಬರೆದೇ ತೀರುತ್ತೇನೆಂದು ಹಾಳೆ ಎಳೆದುಕೊಂಡು ಗೀಚಿದರು: 'ಈಕೆಯಷ್ಟು ನುರಿತ ಸಹಾಯಕಿ ನಮ್ಮಲ್ಲಿ ಇನ್ನೊಬ್ಬಳಿಲ್ಲ. ಈಕೆಯನ್ನು ಕಳಿಸಿದರೆ ವಾರ್ಡ್ ನಡೆಯುವುದಿಲ್ಲ. ಆದ್ದರಿಂದ ಅನುಮತಿ ಇಲ್ಲ.' ಕೆಳಗೆ ಸಹಿ, ಮೊಹರು.

ದೊಡ್ಡಕ್ಕ ಅದನ್ನು ಅರ್ಜಿಗೆ ಲಗತ್ತಿಸಿ ಶಾಲೆಯ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ಹೊಟ್ಟೆ ಕುಲುಕುವಂತೆ ನಕ್ಕರು.

"ಇದು ಅನುಮತಿ ಪತ್ರ ಅಲ್ಲವಲ್ಲಮ್ಮ?"

"ಅಲ್ಲ ಮೇಡಂ. ಆದ್ರೆ ಇಷ್ಟು ಒಳ್ಳೆ ಶಿಫಾರಸು ಬೇರೆ ಯಾರು ತಂದಿದ್ದಾರೆ, ತೋರಿಸಿ."

ಪ್ರಿನ್ಸಿಪಾಲರು ಪತ್ರ ಹಿಡಿದು ತಾವೇ ಮೇಲಧಿಕಾರಿಗಳ ಕೋಣೆಗೆ ನಡೆದರು. ವಾರ್ಡಿಗೆ ಜನ ಬೇಕಿದ್ದರೆ ಇನ್ನಿಬ್ಬರನ್ನು ನೇಮಿಸಿಕೊಳ್ಳಿ, ಓದುವವಳನ್ನು ಕಟ್ಟಿಹಾಕಬೇಡಿ ಎಂದು ಜಗಳವಾಡಿದರಂತೆ. ಹತ್ತು ದಿನಕ್ಕೆ ಸೀಟು ಬಂತು.

ಓದು ಅಷ್ಟು ಸುಲಭಕ್ಕೆ ದಕ್ಕಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವರಿಗೆ ಹದಿನೆಂಟೋ ಹತ್ತೊಂಬತ್ತೋ. ರೋಗಿಯನ್ನು ಹೊರಳಿಸುವ ಪಾಠದಲ್ಲಿ ಮೇಷ್ಟರನ್ನೇ ತಿದ್ದಿದವಳು ಔಷಧಿಯ ಪರೀಕ್ಷೆಯಲ್ಲಿ ನಪಾಸಾದಳು. ಅವತ್ತು ಮನೆಗೆ ಬಂದು ಪುಸ್ತಕ ಮೂಲೆಗೆಸೆದು ಗೊಳೋ ಎಂದು ಅತ್ತಳು. ಗಂಡ ಟೈಲರ್, ಹೊಲಿಗೆ ಯಂತ್ರ ನಿಲ್ಲಿಸದೆಯೇ, "ಅತ್ತಿದ್ದು ಮುಗೀತಾ? ಪುಸ್ತಕ ಎತ್ಕೊಂಡು ಬಾ, ನಾನು ಪ್ರಶ್ನೆ ಕೇಳ್ತೀನಿ" ಎಂದ. ಔಷಧಿಯ ಹೆಸರುಗಳನ್ನು ಅವನು ಓದುತ್ತಿದ್ದ ರೀತಿಗೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನಗುನಗುತ್ತಲೇ ಹೆಸರುಗಳು ತಲೆಯಲ್ಲಿ ಕೂತವು.

ಮರುಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು, "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ ಬೇಕಿತ್ತು?" ಎಂದರು.

"ಆ ಪ್ರಶ್ನೆ ಪುಸ್ತಕದಲ್ಲಿಲ್ಲ ಸರ್. ಪುಸ್ತಕದಲ್ಲಿರೋದು ಕೇಳಿ, ಹೇಳ್ತೀನಿ."

ಕೇಳಿದರು. ಹೇಳಿದಳು.

ಈಗ ಅವಳು ಮಕ್ಕಳ ವಾರ್ಡಿನಲ್ಲಿ ನರ್ಸ್. ಮೊನ್ನೆ ಆಪರೇಷನ್ ಥಿಯೇಟರ್ ತರಬೇತಿಗೂ ಹೆಸರು ಕೊಟ್ಟು ಬಂದಳು. ಗಂಡ ಹಣೆ ಚಚ್ಚಿಕೊಂಡು, "ಇನ್ನೂ ಎಷ್ಟು ಓದ್ತೀಯೇ?" ಎಂದ.

"ಕಲಿಸೋರ ಹತ್ರ ಪಾಠ ಇರೋಷ್ಟೂ" ಎಂದಳು ದೊಡ್ಡಕ್ಕ.