ಇಬ್ಬರ ನಾಟಕದ ಮೂರನೆಯವರು

ಟೈಲರ್ ಅಕ್ಕನ ತುಟಿಗಳ ನಡುವೆ ಸದಾ ಮೂರೋ ನಾಲ್ಕೋ ಗುಂಡುಸೂಜಿ ಇರುತ್ತಿದ್ದವು. ಅಳತೆ ತೆಗೆಯುವಾಗಲೂ ಇದ್ದವು, ಗಿರಾಕಿಯ ಜೊತೆ ಜಗಳವಾಡುವಾಗಲೂ ಇದ್ದವು. ಕಾಫಿ ಬಂದಾಗ ಮಾತ್ರ ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಸೂಜಿ ಕಚ್ಚಿಕೊಂಡೇ ಮಾತಾಡಿ ಮಾತಾಡಿ ಅವರಿಗೊಂದು ವಿಚಿತ್ರ ದನಿ ಬಂದಿತ್ತು. ತುಟಿ ಅಲುಗುತ್ತಿರಲಿಲ್ಲ, ಆದರೆ ಒಂದೊಂದು ಅಕ್ಷರವೂ ಎಂಟು ಅಡಿ ದೂರದವರೆಗೆ ಬಿಡಿಬಿಡಿಯಾಗಿ ಬರುತ್ತಿತ್ತು. ಒಂಬತ್ತನೇ ಅಡಿಯಲ್ಲಿ ಕುಳಿತವನಿಗೆ ಏನೂ ಕೇಳಿಸದು. ಆ ದನಿಯನ್ನು ನಂಬಿಕೊಂಡು ನಾವಿಬ್ಬರು ಗೆಳೆಯರು ಹನ್ನೊಂದು ವರ್ಷ ಒಂದೇ ನಾಟಕ ಆಡಿದೆವು.

ಬಣಕಲ್ಲಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಅವರ ಹೊಲಿಗೆ ಅಂಗಡಿ, ಅದಕ್ಕೆ ಅಂಟಿಕೊಂಡು ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಊರಿಗೆಲ್ಲ ಅವರು ಟೈಲರ್ ಅಕ್ಕ, ನನಗೂ ಅಷ್ಟೇ. ನಾಟಕದ ಇನ್ನೊಬ್ಬ ಪಾತ್ರಧಾರಿ ಜಾವಳಿ ಊರಿನವನು, ಶಾಲೆಯ ದಿನಗಳಿಂದ ನನ್ನ ಗೆಳೆಯ, ಸಣ್ಣದೊಂದು ಕಾಫಿ ತೋಟ ಇಟ್ಟುಕೊಂಡವನು. ಹೈಸ್ಕೂಲಿನ ಮೇಷ್ಟ್ರೊಬ್ಬರು ನಮಗಾಗಿಯೇ ಆ ನಾಟಕ ಬರೆದು, ಕೈಬರಹದ ನೋಟ್‌ಬುಕ್ ಕೊಟ್ಟು, ವರ್ಗವಾಗಿ ಹೋಗಿಬಿಟ್ಟಿದ್ದರು.

ಕಥೆ ಸರಳ. ಎಸ್ಟೇಟಿನ ಸಾಹುಕಾರರು ಮತ್ತು ಅವರ ಡ್ರೈವರ್ ಮೂವತ್ತು ವರ್ಷ ಒಂದೇ ಜೀಪಿನಲ್ಲಿ ಪಕ್ಕಪಕ್ಕ ಕುಳಿತವರು. ಒಂದು ದಿನ ಜೀಪು ಘಟ್ಟದಲ್ಲಿ ಕೆಟ್ಟು ನಿಲ್ಲುತ್ತದೆ. ಯಾರಾದರೂ ಬರುತ್ತಾರೆಂದು ಕಾಯುತ್ತ, ಮೂವತ್ತು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಇಬ್ಬರೂ ಹೇಳಿಕೊಳ್ಳುತ್ತಾರೆ. ಗುಜರಿಯಿಂದ ತಂದ ಎರಡು ಜೀಪಿನ ಸೀಟು, ಒಂದು ಸ್ಟಿಯರಿಂಗು, ಇಷ್ಟೇ ಸಾಮಾನು. ಗೆಳೆಯ ಸಾಹುಕಾರ, ನಾನು ಡ್ರೈವರ್.

ಅಕ್ಕ ಬಂದದ್ದು ನನ್ನ ಖಾಕಿ ಅಂಗಿಯ ಅಳತೆ ತೆಗೆಯಲು. ನನ್ನ ಅಂಗಡಿಯಲ್ಲೇ ತಾಲೀಮು ನಡೆಯುತ್ತಿತ್ತು. ಗೆಳೆಯನಿಗೆ ಮಾತು ಮರೆಯುವುದು ಹುಟ್ಟುಗುಣ. ಅವನು ತಡವರಿಸಿ ನಿಂತಾಗ, ನನ್ನ ತೋಳಿನ ಉದ್ದ ನೋಡುತ್ತಿದ್ದ ಅಕ್ಕ ತಲೆ ಎತ್ತದೆ ಅವನ ಮಾತನ್ನು ಹೇಳಿಕೊಟ್ಟರು. ಗೋಡೆಯಾಚೆಯಿಂದ ಎರಡು ದಿನ ಕಿವಿಗೆ ಬಿದ್ದದ್ದು ಅವರಿಗೆ ಬಾಯಿಪಾಠವಾಗಿತ್ತು! ಅಂದಿನಿಂದ ನೋಟ್‌ಬುಕ್ ಅವರ ಮಡಿಲಿಗೆ ಹೋಯಿತು, ಅವರು ರಂಗದ ಪಕ್ಕದ ಪರದೆಯ ಹಿಂದಿನ ಸ್ಟೂಲಿಗೆ ಹೋದರು. ಈ ಕಾಲದ ನಾಟಕಕ್ಕೆ ಪ್ರಾಂಪ್ಟರ್ ಇಟ್ಟುಕೊಂಡಿದ್ದೀರಾ ಎಂದು ಚಿಕ್ಕಮಗಳೂರಿನ ಕೆಲವರು ನಕ್ಕರು. ಅಕ್ಕ ಹೇಳಿದ್ದಿಷ್ಟೇ: "ನಗ್ಲಿ ಬಿಡಿ. ಒಳಹೊಲಿಗೆ ಇಲ್ದೆ ಯಾವ ಅಂಗಿ ನಿಂತದೆ?"

ಎಲ್ಲೆಲ್ಲಿ ಆಡಿದೆವು ಎಂದು ನೆನೆದರೆ ಈಗ ಸುಸ್ತಾಗುತ್ತದೆ. ಕಾಫಿ ಕೊಯ್ಲು ಮುಗಿದು, ಗಿಡಕ್ಕೆ ಹೂ ತರಿಸುವ ಹೂಮಳೆ ಬರುವ ಮುಂಚಿನ ಆ ಒಂದೆರಡು ತಿಂಗಳೇ ನಮ್ಮ ಕಾಲ. ಆಗ ಕಾಫಿ ಒಣಗಿಸುವ ಕಣಗಳು ಖಾಲಿ ಇರುತ್ತವೆ, ಜನರಿಗೂ ಪುರುಸೊತ್ತು. ಕಣಗಳಲ್ಲಿ ಆಡಿದೆವು, ಶಾಲೆಗಳಲ್ಲಿ ಆಡಿದೆವು. ಅತ್ತಿಗುಂಡಿಯ ಒಂದು ಹೋಮ್‌ಸ್ಟೇಯಲ್ಲಿ ಆಡುವಾಗ ಮಾಲೀಕ ನಡುವೆ ಬಂದು, "ಸ್ವಲ್ಪ ಬೇಗ ಮುಗ್ಸಿ, ಗೆಸ್ಟ್‌ಗಳಿಗೆ ಕೋಳಿ ಆರ್ತದೆ" ಎಂದ. ಘಟ್ಟದಲ್ಲಿ ನಿಂತಿದ್ದ ನಮ್ಮ ಜೀಪು ಅವತ್ತು ಹತ್ತೇ ನಿಮಿಷದಲ್ಲಿ ರಿಪೇರಿಯಾಯಿತು. ಎಲ್ಲ ಕಡೆಗೂ ಪಿಕಪ್ಪಿನ ಹಿಂದೆ ಸೀಟು ಹೇರಿಕೊಂಡು, ಮುಂದೆ ನಮ್ಮಿಬ್ಬರ ನಡುವೆ ಗೇರಿನ ಕೋಲಿಗೆ ಮೊಣಕಾಲು ತಾಗಿಸಿಕೊಂಡು ಅಕ್ಕ ಬರುತ್ತಿದ್ದರು. ಮದುವೆಯ ಸೀಸನ್ನೂ ಅದೇ. ಅರ್ಧ ಹೊಲಿದ ರವಿಕೆಗಳನ್ನು ಬಿಟ್ಟು ಬಂದು, ಮರುದಿನ ಗಿರಾಕಿಗಳಿಂದ ಬೈಸಿಕೊಳ್ಳುತ್ತಿದ್ದರು.

ಎಂಟನೇ ವರ್ಷ ಚಿಕ್ಕಮಗಳೂರಿನಲ್ಲಿ ಆಟ ಮುಗಿದ ಮೇಲೆ ಸನ್ಮಾನ ಇಟ್ಟುಕೊಂಡಿದ್ದರು. ಒಂದೇ ಶಾಲು ಇತ್ತು. "ಮುಖ್ಯ ಪಾತ್ರಧಾರಿಗಳು ಬರಬೇಕು" ಎಂದು ಕರೆದರು. ಇಬ್ಬರೇ ಇರುವ ನಾಟಕದಲ್ಲಿ ಮುಖ್ಯ ಪಾತ್ರ ಯಾವುದು? ಗೆಳೆಯ ಎದ್ದು ಹೋಗಿ ತಲೆ ಬಗ್ಗಿಸಿದ. ಇದು ನಮ್ಮಿಬ್ಬರದೂ ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಶಾಲು ಹೊದ್ದುಕೊಂಡೇ ಪಿಕಪ್ ಹತ್ತಿದ. ನಾನು ಕೊಂಕು ನುಡಿದೆ. ಅವನು, "ಡ್ರೈವರ್ ಪಾರ್ಟ್‌ಗೆ ಯಾರು ಶಾಲು ಹೊದಿಸ್ತಾರೆ ಮಾರಾಯ?" ಎಂದು ನಕ್ಕ. ತಮಾಷೆಗೇ ಅಂದಿರಬೇಕು. ಆದರೆ ನಾನು ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟೆ, ಅವನೂ ಬಿಟ್ಟ. ನಲವತ್ತು ದಾಟಿದ ಇಬ್ಬರು ಗಂಡಸರು ಒಂದು ಬಟ್ಟೆಯ ತುಂಡಿಗಾಗಿ ಮೂರು ವರ್ಷ ಮಾತು ಬಿಟ್ಟೆವು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ನಾಟಕ ಮಾತ್ರ ನಿಲ್ಲಲಿಲ್ಲ. ಒಪ್ಪಿಕೊಂಡ ಆಟಗಳಿದ್ದವು. ಹಟವೂ ಇತ್ತು, ಮೊದಲು ಬಿಟ್ಟವನು ಸೋತ ಹಾಗೆ. ರಂಗದ ಮೇಲೆ ಇಬ್ಬರೂ ಜನರ ಕಡೆ ಮುಖ ಮಾಡಿ ಕೂರುವುದರಿಂದ ಒಬ್ಬರನ್ನೊಬ್ಬರು ನೋಡುವ ಅಗತ್ಯವೂ ಇರಲಿಲ್ಲ. ಉಳಿದ ವ್ಯವಹಾರವೆಲ್ಲ ಅಕ್ಕನ ಅಂಗಡಿಯ ಮೂಲಕ. ಅವನು ಪೇಟೆಗೆ ಬಂದಾಗ ಅವರಿಗೆ ಹೇಳಿ ಹೋಗುವನು, ಅವರು ಗೋಡೆಯಾಚೆಯಿಂದ ನನ್ನನ್ನು ಕೂಗುವರು. ನಮ್ಮನ್ನು ಅವರು ಕರೆಯುತ್ತಿದ್ದದ್ದು ಪಾತ್ರದ ಹೆಸರಿನಿಂದಲೇ.

"ಡ್ರೈವರ್ರೇ, ಭಾನುವಾರ ಎರಡು ಗಂಟೆಗೆ ಪಿಕಪ್ ಬರ್ತದಂತೆ. ನಿಮ್ಮ ಕೆಮ್ಮು ಹೆಂಗಿದೆ ಅಂತ ಕೇಳಿದ್ರು ಸಾವ್ಕಾರ್ರು."

"ಕೆಮ್ಮಿನ ವಿಷ್ಯ ಅವ್ನಿಗ್ಯಾಕಕ್ಕ? ಎರಡು ಗಂಟೆಗೆ ಬರ್ತೀನಿ ಅನ್ನಿ, ಸಾಕು."

ಹೀಗೆ ಅಂದರೂ, ಕೇಳಿದನಲ್ಲ ಎಂದು ಒಳಗೊಳಗೇ ಸ್ವಲ್ಪ ಮೆತ್ತಗಾಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಮಾತು ಬಿಟ್ಟ ಮೂರನೇ ವರ್ಷ ಕಳಸದ ಶಾಲೆಯೊಂದರಲ್ಲಿ ಮಧ್ಯಾಹ್ನದ ಆಟ. ತಗಡಿನ ಮಾಡಿನ ಕೆಳಗೆ ಸೆಕೆ. ನಾಟಕದ ಕೊನೆಯ ಭಾಗದಲ್ಲಿ ಸಾಹುಕಾರ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಹೊಳೆ ತುಂಬಿ ಬಂದಾಗ ಡ್ರೈವರನನ್ನು ಆಚೆ ದಡದಲ್ಲೇ ಬಿಟ್ಟು ತಾನೊಬ್ಬನೇ ಜೀಪು ಓಡಿಸಿಕೊಂಡು ಬಂದದ್ದು. ಅಲ್ಲಿಗೆ ಬಂದು ಗೆಳೆಯ ನಿಂತ. ಅದು ಹೊಸದೇನಲ್ಲ, ಎರಡು ಉಸಿರು ಕಾದರೆ ಪರದೆಯ ಹಿಂದಿನಿಂದ ಮಾತು ಬರುತ್ತದೆ. ಕಾದ. ಬರಲಿಲ್ಲ. ನಾನು ಓರೆಗಣ್ಣಿನಿಂದ ನೋಡಿದೆ. ಅಕ್ಕ ನೋಟ್‌ಬುಕ್ ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಸೂಜಿ ಕಚ್ಚಿಕೊಂಡು, ನಮ್ಮನ್ನೇ ನೋಡುತ್ತ ಕುಳಿತಿದ್ದರು.

ಜನ ಕದಲತೊಡಗಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವನು ಬಿದ್ದರೆ ಬೀಳಲಿ ಎಂದು ನನಗೆ ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಅಲ್ಲಿ ಬೀಳುವುದು ಅವನೊಬ್ಬನೇ ಅಲ್ಲ, ಹನ್ನೊಂದು ವರ್ಷದ ನಾಟಕ. ಅವನ ಕಡೆಗೆ ತಿರುಗಿದೆ. ಮೂರು ವರ್ಷದಲ್ಲಿ ನಾನು ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಣ್ಣದ ಕೆಳಗೆ ಕೆನ್ನೆ ಇಳಿದುಹೋಗಿತ್ತು. ಪಕ್ಕದ ಒಂದು ಹಲ್ಲು ಇರಲಿಲ್ಲ. ಯಾವಾಗ ಬಿತ್ತೋ, ನನಗೆ ಗೊತ್ತೇ ಇರಲಿಲ್ಲ. ಕಣ್ಣಿನಲ್ಲಿ ಭಯವಿತ್ತು.

"ಸಾವ್ಕಾರ್ರೇ," ಅಂದೆ, ನೋಟ್‌ಬುಕ್ಕಿನಲ್ಲಿ ಇಲ್ಲದ ಮಾತು. "ಅವತ್ತು ಹೊಳೆ ಹತ್ರ ನನ್ನ ಬಿಟ್ಟು ಬಂದ್ರಲ್ಲ, ಅದನ್ನೇ ಹೇಳ್ಬೇಕು ಅಂತಿದ್ದೀರಾ?"

ಅವನು ನನ್ನ ಮುಖ ನೋಡಿದ. "ಹೌದು ಕಣೋ," ಎಂದ. "ಹೇಳ್ಬೇಕಿತ್ತು. ಅವತ್ತೇ ಹೇಳ್ಬೇಕಿತ್ತು." ಅದೂ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ವಾಪಸು ಬರುವಾಗ ಪಿಕಪ್ಪಿನಲ್ಲಿ ಮೊದಲು ಮಾತಾಡಿದವನು ಅವನೇ. "ಕೆಮ್ಮು ಹೆಂಗಿದೆಯೋ ನಿಂದು?"

"ಯಾವಾಗ್ಲೂ ಕೇಳ್ತಾನೇ ಇದ್ದೆಯಲ್ಲ ಮಾರಾಯ, ಅಕ್ಕನ ಹತ್ರ."

"ನಾನೆಲ್ಲಿ ಕೇಳಿದ್ದೆ? ಇವತ್ತು ಕೆಮ್ಮಿದ್ದು ಕೇಳಿ ಗೊತ್ತಾಯ್ತು. ನೀನೇ ಅಲ್ವಾ ನಮ್ಮ ತೋಟಕ್ಕೆ ಆನೆ ನುಗ್ಗಿದಾಗ ಬೇಜಾರು ಮಾಡ್ಕೊಂಡಿದ್ದು? ಅಕ್ಕ ಹೇಳಿದ್ರು."

ನಾನು ಬೇಜಾರು ಮಾಡಿಕೊಂಡಿರಲಿಲ್ಲ. ಸುದ್ದಿಯೇ ಗೊತ್ತಿರಲಿಲ್ಲ. ಇಬ್ಬರೂ ನಡುವೆ ಕುಳಿತವರನ್ನು ನೋಡಿದೆವು. ಮೂರು ವರ್ಷ ನಾವು ಒಬ್ಬರಿಗೊಬ್ಬರು ಕಳಿಸಿದ ಒಳ್ಳೆಯ ಮಾತು ಒಂದೂ ನಮ್ಮದಾಗಿರಲಿಲ್ಲ.

ಅಕ್ಕ ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರು. "ಎಂತ ನೋಡ್ತೀರಿ? ಹೇಳ್ಬೇಕಾದ್ದು ಮರ್ತೋರಿಗೆ ಹೇಳ್ಕೊಡೋದೇ ನನ್ನ ಕೆಲ್ಸ."

"ಮತ್ತೆ ಇವತ್ತು ಯಾಕಕ್ಕ ಹೇಳ್ಕೊಡ್ಲಿಲ್ಲ?" ಎಂದೆ.

ಏನೋ ದೊಡ್ಡ ಉಪಾಯ ಮಾಡಿದ್ದೆ ಅನ್ನುತ್ತಾರೆಂದು ಕಾದೆ. ಅವರು ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದರು. "ಸಾಕಾಗಿತ್ತು ಮಾರಾಯ. ಇಬ್ರ ಮಾತೂ ಹೊತ್ತು ಹೊತ್ತು ಸಾಕಾಗಿ ಹೋಗಿತ್ತು. ಬಿದ್ರೆ ಬೀಳ್ಲಿ ಅಂತ ಮುಚ್ಚಿಟ್ಟೆ."

ಅವರಿಗೂ ಆಯಾಸವಾಗುತ್ತದೆ ಎಂದು ನನಗೆ ಹೊಳೆದದ್ದು ಅವತ್ತು. ಹನ್ನೊಂದು ವರ್ಷ ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕುಳಿತಿದ್ದರು. ಕರಪತ್ರದಲ್ಲಿ ಅವರ ಹೆಸರು ಒಮ್ಮೆಯೂ ಹಾಕಿಸಲಿಲ್ಲ. ಬೇಡವೆಂದಲ್ಲ, ನೆನಪೇ ಆಗಲಿಲ್ಲ. ಇಬ್ಬರ ನಾಟಕ ಎಂದು ಅಚ್ಚು ಹಾಕಿಸಿ, ಆ ಇಬ್ಬರಲ್ಲಿ ಯಾರು ದೊಡ್ಡವರು ಎಂದು ಕಿತ್ತಾಡಿದೆವು.

ಅದಾದ ಮೇಲೆ ಹೆಚ್ಚು ಆಟ ಆಗಲಿಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು, ಅದು ಕಿಡ್ನಿಗೆ ತಗುಲಿತು. ಚಿಕ್ಕಮಗಳೂರಿನ ಆಸ್ಪತ್ರೆಗೆ ವಾರಕ್ಕೆರಡು ಸಲ ನಾನೋ ಅವನೋ ಕರೆದೊಯ್ಯುತ್ತಿದ್ದೆವು. ಹೋದ ವರ್ಷ ಕೊಯ್ಲಿನ ನಡುವೆ ಒಂದು ಬೆಳಿಗ್ಗೆ ಸುದ್ದಿ ಬಂತು.

ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಮಲಗಿಸಿದ್ದರು. ತುಟಿ ಬರಿದಾಗಿತ್ತು, ಅದನ್ನು ನೋಡಲು ನನ್ನಿಂದ ಆಗಲಿಲ್ಲ. ತರೀಕೆರೆಯಿಂದ ಬಂದಿದ್ದ ಅವರ ತಮ್ಮನ ಮಗಳು, ಇಪ್ಪತ್ತರ ಹುಡುಗಿ, ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರಿಗೆ ನೀರು ತಂದುಕೊಟ್ಟಳು.

"ನೀವು ಅತ್ತೆಗೆ ಏನಾಗ್ಬೇಕು?"

"ನಾವು ನಾಟಕದವ್ರಮ್ಮ," ಎಂದೆ.

"ಅತ್ತೆ ನಾಟಕದಲ್ಲಿ ಪಾರ್ಟ್ ಮಾಡ್ತಿದ್ರಾ?"

"ಇಲ್ಲ. ಅದು ಇಬ್ರ ನಾಟಕ. ಪಾರ್ಟ್ ಮಾಡ್ತಿದ್ದೋರು ನಾವಿಬ್ರೇ."

"ಮತ್ತೆ ಅತ್ತೆ ಎಂತ ಮಾಡ್ತಿದ್ರು?"

ಕುತೂಹಲದಿಂದ ಕೇಳಿದ ಪ್ರಶ್ನೆ, ಅದರಲ್ಲಿ ಕುಹಕವಿರಲಿಲ್ಲ. ನಾನು ಲೋಟದ ನೀರನ್ನೆಲ್ಲ ಕುಡಿದೆ. ಪ್ರಾಂಪ್ಟ್ ಎಂದರೆ ಅವಳಿಗೆ ಅರ್ಥವಾಗುತ್ತಿತ್ತೋ ಏನೋ. ಅರ್ಥವಾದರೂ ಅದು ತೀರಾ ಕಡಿಮೆಯಾಗುತ್ತಿತ್ತು. ಹುಡುಗಿ ಖಾಲಿ ಲೋಟಕ್ಕಾಗಿ ಕೈ ಚಾಚಿಕೊಂಡು ಕಾಯುತ್ತಿದ್ದಳು.

ಕೊನೆಗೆ ಸಾಹುಕಾರನೇ ಹೇಳಿದ. "ನಮ್ಮಿಬ್ರನ್ನೂ ಮಾತಾಡಿಸ್ತಿದ್ರು ಕಣಮ್ಮ."

ಅಷ್ಟು ಹೇಳಿ ಲೋಟ ಅವಳ ಕೈಗೆ ಕೊಟ್ಟು, ನನ್ನ ಭುಜ ಹಿಡಿದುಕೊಂಡು ಅತ್ತ.