ಒಂದೇ ಬೆಂಚಿನ ಪಟ

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಕಾಫಿಗೆ ಇಡುವವಳು. ಈಗಲೂ ಅಷ್ಟೇ. ಆದರೆ ನಾಲ್ಕು ವರ್ಷದ ಹಿಂದೆ ಅಪ್ಪನ ಹಳೇ ರೀಲ್ ಕ್ಯಾಮೆರಾ ಮಾಡಿದ್ದನ್ನು ಹೇಳಿಬಿಡುತ್ತೇನೆ. ನಂಬುವುದು ನಿಮಗೆ ಬಿಟ್ಟಿದ್ದು.

ಆಗ ನನ್ನ ಮದುವೆಗೆ ಒಂದೇ ತಿಂಗಳಿತ್ತು. ಹೊಸನಗರದಲ್ಲಿರುವ ಅಮ್ಮನಿಗೂ ಬ್ಯಾಕೋಡಿನ ಚಿಕ್ಕಮ್ಮನಿಗೂ ಮೂರು ವರ್ಷದಿಂದ ಮಾತಿಲ್ಲ. ಚಿಕ್ಕಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಮೆತ್ತಗಾಗಿದೆ ಎಂದು ಅಮ್ಮ ನಾಲ್ಕು ಜನರೆದುರು ಅಂದಿದ್ದರು, ಅಷ್ಟೇ! ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಮದುವೆಗೇ ಬರುವುದಿಲ್ಲವೆಂದು ಹಟ ಹಿಡಿದರು. ಅವರಿಲ್ಲದೆ ಧಾರೆಗೆ ನಿಲ್ಲಲು ನನಗೆ ಮನಸ್ಸಿರಲಿಲ್ಲ. ಪಟ ತೆಗೆಯುವ ನೆಪದಲ್ಲಿ ಹೋಗಿ ಕರೆದು ಬರೋಣ ಎಂದು ಹೊರಟೆ.

ಲಿವರ್ ಎಳೆದಾಗ ಎಡಗಡೆಯ ನಾಬ್ ಕೂಡ ತಿರುಗಬೇಕು, ತಿರುಗದಿದ್ದರೆ ರೀಲು ಹಲ್ಲಿಗೆ ಕಚ್ಚಿಕೊಂಡಿಲ್ಲ ಅಂತ, ನೋಡಿಕೋ ಎಂದು ಸಾಗರದ ಸ್ಟುಡಿಯೋದ ಹಿರಿಯರು ರೀಲು ಕೊಡುವಾಗಲೇ ಹೇಳಿದ್ದರು. ದಿನಾ ಹೊಲಿಗೆ ಮಿಷನ್ನಿಗೆ ನೂಲು ಪೋಣಿಸುವ ನನಗೆ ಇದೇನು ಮಹಾ ಎಂದು ತಲೆಯಾಡಿಸಿ ಬಂದಿದ್ದೆ. ನಮ್ಮ ಜಗಲಿಯ ಬೆಂಚಿನ ಮೇಲೆ ಅಮ್ಮನನ್ನು ಕೂರಿಸಿ ಮೊದಲ ಪಟ ತೆಗೆದೆ. ಆಮೇಲೆ ಬಸ್ಸು, ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚು, ನೀರು, ಕಂಡಿದ್ದೆಲ್ಲ. ಬ್ಯಾಕೋಡಿನಲ್ಲಿ ಚಿಕ್ಕಮ್ಮ ಬಾವಿಕಟ್ಟೆಯ ಹತ್ತಿರ ಮುಖ ಗಂಟು ಹಾಕಿಕೊಂಡು ಪಟಕ್ಕೆ ನಿಂತರು. ಮದುವೆಯ ಮಾತೆತ್ತಿದರೆ, ಕಾಫಿ ಕುಡಿದು ಹೊರಡು ಅಂದರು. ವಾಪಸು ಬರುವಾಗ ಕ್ಯಾಮೆರಾದ ಸಂಖ್ಯೆ ಮೂವತ್ತೊಂಬತ್ತಕ್ಕೆ ಹೋಯಿತು. ಮೂವತ್ತಾರರ ರೀಲಿನಲ್ಲಿ ಮೂರು ಪಟ ಪುಕ್ಕಟೆ ಎಂದು ಹಿಗ್ಗಿದೆ.

ಸ್ಟುಡಿಯೋದವರು ಕತ್ತಲೆ ಕೋಣೆಯಿಂದಲೇ ಕೂಗಿ ಹೇಳಿದರು: "ರೀಲು ಕಚ್ಕೊಂಡೇ ಇಲ್ಲ ಕಣಮ್ಮ. ಎಲ್ಲಾ ಒಂದೇ ಜಾಗಕ್ಕೆ ಬಿದ್ದಿದಾವೆ. ಸುಟ್ಟು ಹೋಗಿರ್ತದೆ."

ಆದರೂ ನನ್ನ ಸಮಾಧಾನಕ್ಕೆ ತೊಳೆದರು. ಒಂದೇ ಒಂದು ಪಟ ಬಂತು, ಕನ್ನಡಿಯ ಹಾಗೆ ಸ್ಪಷ್ಟ. ಬಸ್ಸಿಲ್ಲ, ಲಾಂಚಿಲ್ಲ. ನಮ್ಮ ಬೆಂಚಿನ ಮೇಲೆ ಅಮ್ಮ, ಪಕ್ಕದಲ್ಲಿ ಚಿಕ್ಕಮ್ಮ. ಚಿಕ್ಕಮ್ಮ ಕೂತಿದ್ದರು, ಅಮ್ಮನ ಕಡೆ ತಿರುಗಿ ನಗುತ್ತಿದ್ದರು. ಸ್ಟುಡಿಯೋದವರು ಕನ್ನಡಕ ಒರೆಸಿ ಒರೆಸಿ ನೋಡಿದರು.

ಅಮ್ಮನಿಗೊಂದು ಪ್ರತಿ ಕೊಟ್ಟು, ಚಿಕ್ಕಮ್ಮನಿಗೊಂದು ಕಳಿಸಿದೆ. ಮೂರನೇ ದಿನ ಅಮ್ಮನಿಗೆ ಚಿಕ್ಕಮ್ಮನ ಫೋನ್ ಬಂತು.

"ಅಕ್ಕಾ, ನಾನು ನಿಮ್ಮನೆಗೆ ಯಾವಾಗ ಬಂದಿದ್ದೆ?"

ಅಮ್ಮ ತಮ್ಮ ಪ್ರತಿಯನ್ನು ಕೈಗೆತ್ತಿಕೊಂಡರು. "ಬಂದು ಕೂತಿದೀಯಲ್ಲೇ ಮಾರಾಯ್ತಿ. ಇನ್ನೊಂದ್ಸಲ ಬಾ, ಮದ್ವೆಗೆ."

ಚಿಕ್ಕಮ್ಮ ಬಂದರು, ಒಂದು ಭರಣಿ ಮಿಡಿ ಉಪ್ಪಿನಕಾಯಿ ಹೊತ್ತುಕೊಂಡೇ. ಧಾರೆಯ ಹೊತ್ತಿಗೆ ನಾನು ಗಳಗಳ ಅತ್ತೆ.

ಆಮೇಲೆ ಬೇಕೆಂದೇ ರೀಲು ಕಚ್ಚಿಸದೆ ಎಷ್ಟೋ ಸಲ ತೆಗೆದು ನೋಡಿದ್ದೇನೆ. ಸುಟ್ಟ ತುಂಡು ಬಿಟ್ಟು ಬೇರೇನೂ ಬಂದಿಲ್ಲ. ಈಗ ಕೇಳಿದರೆ ಅಕ್ಕ ತಂಗಿ ಇಬ್ಬರೂ ಅವತ್ತು ಒಟ್ಟಿಗೇ ಕೂತಿದ್ದೆವು ಅನ್ನುತ್ತಾರೆ. ಅಲ್ಲ ಅನ್ನುವವಳು ನಾನೊಬ್ಬಳೇ, ಪಟ ತೆಗೆದವಳು.