ತಪ್ಪು ಬಾಯಿಯದೋ, ಮೌತ್‌ಪೀಸಿನದೋ

ಹೊಸ ಮೌತ್‌ಪೀಸ್ ಬಂದ ದಿನವೇ ಅದನ್ನು ಸ್ಯಾಕ್ಸೊಫೋನಿಗೆ ಸಿಕ್ಕಿಸಿ ಊದಿದೆ. ದನಿ ಬರಲಿಲ್ಲ, ಬರೀ ಗಾಳಿ ಹೋದ ಸಪ್ಪಳ. ಇನ್ನಷ್ಟು ಬಲ ಹಾಕಿದಾಗ ಕಿವಿ ಇರಿಯುವಂಥ ಕೀರಲು ಸದ್ದು ಹೊರಟಿತು. ಒಳಗಿದ್ದ ಹೆಂಡತಿ ಬಾಗಿಲಿಗೆ ಬಂದು ನಿಂತಳು. ನಾನು ವಾದ್ಯ ಕೆಳಗಿಟ್ಟು, ಗೋಡೆಯ ಕನ್ನಡಿಯ ಮುಂದೆ ಹೋಗಿ ನಕ್ಕು ನೋಡಿಕೊಂಡೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿಯೇ ಸೋರಿ ಅಂಗಿಯ ಮೇಲೆ ಬಿದ್ದಿತ್ತು. ಸಂಜೆಯೊಳಗೆ ಮುಖದ ಎಡಭಾಗ ಜೋತುಬಿದ್ದು ಕಣ್ಣು ಮುಚ್ಚದಂತಾಯಿತು. ಟಿಳಕವಾಡಿಯ ಡಾಕ್ಟರು, ಮುಖದ ನರಕ್ಕೆ ಬಾವು ಬಂದಿದೆ, ಹೆಚ್ಚಿನವರಿಗೆ ಗುಣವಾಗುತ್ತದೆ ಎಂದರು. ಎಲ್ಲರಿಗೂ ಎನ್ನಲಿಲ್ಲ. ನಾನು ವಡಗಾವಿಯ ಮನೆಯಲ್ಲೇ ಮಗ್ಗ ನಡೆಸುವವನು. ಮದುವೆಯ ಹಂಗಾಮಿನಲ್ಲಿ ಬ್ಯಾಂಡ್ ಕಂಪನಿಯಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತೇನೆ. ಮಗ್ಗಕ್ಕೆ ಕೈ, ಕಣ್ಣು ಸಾಕು, ಸ್ಯಾಕ್ಸೊಫೋನಿಗೆ ತುಟಿಯೇ ಬೇಕು. ಐದಾರು ತಿಂಗಳಿಗೆ ಮುಖ ನೆಟ್ಟಗಾಯಿತು, ಹಳೆಯ ಮೌತ್‌ಪೀಸಿನಲ್ಲಿ ದನಿಯೂ ಮರಳಿತು. ಆ ದನಿ ಕೇಳಿಯೇ ನಾನು ಪೂರ್ತಿ ಗುಣವಾದೆ ಎಂದು ನಂಬಿದ್ದೆ. ಈಗ ಆ ಹಳೆಯ ಮೌತ್‌ಪೀಸ್ ಟೆಂಪೋದಿಂದ ಸಾಮಾನು ಇಳಿಸುವಾಗ ಕಲ್ಲಿನ ಮೇಲೆ ಬಿದ್ದು ತುದಿ ಮುರಿದಿತ್ತು. ಹೊಸದನ್ನು ಕಂಪನಿಯ ಮಾಲೀಕರು ಪುಣೆಯಿಂದ ತರಿಸಿಕೊಟ್ಟಿದ್ದರು. ನಂದಗಡದ ಮದುವೆಗೆ ಎಂಟೇ ದಿನ ಉಳಿದಿತ್ತು.

"ಏನಾತ್ರಿ?" ಎಂದಳು ಹೆಂಡತಿ.

"ಏನಿಲ್ಲ. ಹೊಸಾದು ಐತಿ, ಪಳಗಬೇಕು."

"ಮತ್ತ ಕನ್ನಡಿ ಯಾಕ ನೋಡಾಕತ್ತೀರಿ?" ಹತ್ತಿರ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಕಣ್ಣ ಮುಚ್ರಿ. ಗಲ್ಲಾ ಉಬ್ಬಸ್ರಿ."

ಉಬ್ಬಿಸಿದೆ. ಅವಳು ಬೆರಳಿನಿಂದ ಎಡಗೆನ್ನೆಯನ್ನು ಮೆಲ್ಲಗೆ ಒತ್ತಿದಳು. ತುಟಿಯ ಮೂಲೆಯಿಂದ ಪುಸ್ ಎಂದು ಗಾಳಿ ಹೋಯಿತು.

ಮುಂದಿನ ಎರಡು ದಿನ ಮಗ್ಗ ನಿಲ್ಲಿಸಿ ಊದಿದೆ. ಮೌತ್‌ಪೀಸಿನ ಅಡಿಗೆ ಕಟ್ಟುವ ಜೊಂಡಿನ ತೆಳು ಚಕ್ಕೆಗೆ ನಾವು ರೀಡ್ ಎನ್ನುತ್ತೇವೆ. ದನಿ ಹುಟ್ಟುವುದು ಅದರ ನಡುಕದಿಂದಲೇ. ನನ್ನ ಹತ್ತಿರ ಹಳೆಯದಕ್ಕೆ ಹೊಂದಿದ್ದ ರೀಡುಗಳು ಏಳು ಇದ್ದವು. ಒಂದೊಂದನ್ನೂ ನೆನೆಸಿ ಕಟ್ಟಿ ನೋಡಿದೆ. ಒಂದೂ ಸರಿಯಾಗಿ ನುಡಿಯಲಿಲ್ಲ. ಕೆಳತುಟಿಯ ಒಳಗೆ ಹಲ್ಲು ಕಚ್ಚಿ ರಕ್ತ ಬಂತು. ತಪ್ಪು ಮೌತ್‌ಪೀಸಿನದೋ ನನ್ನ ಬಾಯಿಯದೋ ಎಂದು ತಿಳಿಯಲು ಹಳೆಯದರಲ್ಲಿ ಊದಿ ನೋಡೋಣವೆಂದರೆ ಅದೂ ಇಲ್ಲ. ಇನ್ನೊಬ್ಬರ ಬಾಯಿಯಲ್ಲಿ ಪರೀಕ್ಷಿಸುವುದೊಂದೇ ದಾರಿ.

ನನಗೆ ಊದುವುದನ್ನು ಕಲಿಸಿದವರು ಸೈನ್ಯದ ಬ್ಯಾಂಡಿನಿಂದ ನಿವೃತ್ತರಾಗಿ ಖಾನಾಪುರದಲ್ಲಿದ್ದಾರೆ. ಎಲ್ಲರಿಗೂ ಅವರು ಹವಾಲ್ದಾರ್ ಕಾಕಾ. ಎಪ್ಪತ್ತು ದಾಟಿದರೂ ಹಲ್ಲು ಗಟ್ಟಿ. ಮೂರನೆಯ ದಿನ ಬೆಳಿಗ್ಗೆ ವಾದ್ಯ ಹಿಡಿದು ರೈಲು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಕಾಕಾ ಊದಿದಾಗ ದನಿ ಬಂದರೆ ನನ್ನ ಕಥೆ ಮುಗಿಯಿತು. ಖಾನಾಪುರದಲ್ಲಿ ಇಳಿದವನು ಸ್ಟೇಷನ್ನಿನ ಬೆಂಚಿನ ಮೇಲೆ ಅರ್ಧ ತಾಸು ಕೂತೆ. ತಿರುಗಿ ಹೋಗುವ ರೈಲು ಆಗ ಇದ್ದಿದ್ದರೆ ಹತ್ತಿಬಿಡುತ್ತಿದ್ದೆನೇನೋ.

"ಬಾರಪಾ, ಕುಂದರು," ಎಂದರು ಕಾಕಾ. "ಮುಖಾ ಯಾಕ ಹಿಂಗ ಆಗೇತಿ?"

ನನ್ನ ಕೈ ಎಡಗೆನ್ನೆಗೆ ಹೋಯಿತು.

"ಬಾಡೇತಿ ಅಂದ್ನಿ," ಎಂದರು ಅವರು.

ಎಲ್ಲ ಹೇಳಿದೆ. ಅವರು ಮೌತ್‌ಪೀಸನ್ನು ನಳದ ನೀರಲ್ಲಿ ತೊಳೆದು, ಅದರ ತುದಿಯನ್ನು ಬಾಜುವಿನಿಂದ ನೋಡಿ, ನನ್ನ ರೀಡನ್ನೇ ಕಟ್ಟಿದರು. ಊದಲು ಬಾಯಿಗಿಟ್ಟಾಗ ನಾನು ನೆಲ ನೋಡುತ್ತ ಕೂತೆ.

ಅದೇ ಗಾಳಿ. ಅದೇ ಕೀರಲು. ನಾನು ತಲೆಯೆತ್ತಿದೆ.

"ಹಳೇದರಾಗ ರೀಡಿಗೂ ತುದಿಗೂ ನಡುವಿನ ಸಂದಿ ಸಣ್ಣದಿತ್ತು, ಬಿರುಸು ರೀಡ್ ನಡೀತಿತ್ತು," ಎಂದರು. "ಇದರ ಬಾಯಿ ಭಾಳ ತೆರದೈತಿ. ಇದಕ್ಕ ಮೆತ್ತಂದು ಬೇಕು."

ತಗಡಿನ ಡಬ್ಬಿಯಿಂದ ತೆಳ್ಳನೆಯ ನಾಲ್ಕು ರೀಡು ತೆಗೆದು ಲೋಟದ ನೀರಲ್ಲಿ ಹಾಕಿದರು. ಮೊದಲನೆಯದನ್ನು ಕಟ್ಟಿ ನಾನು ಊದಿದೆ, ಹಿಡಿಸಲಿಲ್ಲ. ಎರಡನೆಯದರಲ್ಲಿ ದನಿ ಬಂತು. ಅಗಲವಾದ, ಒರಟು ದನಿ. ನನ್ನದಲ್ಲವೆನ್ನಿಸಿತು, ಆದರೆ ದನಿ. ಕಾಕಾ ಒಂದೇ ಸ್ವರವನ್ನು ಉಸಿರಿರುವವರೆಗೂ ಹಿಡಿಯಲು ಹೇಳಿದರು. ಹಿಡಿದೆ. ಕೊನೆಗೆ ಎಡಮೂಲೆಯಿಂದ ಸಣ್ಣಗೆ ಸುಸ್ ಎಂಬ ಸಪ್ಪಳ ಹೊರಟಿತು.

"ಕೇಳಿಸ್ತೇನ್ರಿ?"

"ಕೇಳಿಸ್ತು. ಹಳೇದರಾಗೂ ಸೋರತಿತ್ತು. ಹೋದ ವರ್ಷ ಇಲ್ಲೇ ಒಂದು ಮದಿವ್ಯಾಗ ಕೇಳೇನಿ."

"ಮತ್ತ ನನಗ ಯಾಕ ಹೇಳಲಿಲ್ರಿ?"

"ಊದಾಕತ್ತಿದ್ಯಲ್ಲ. ಹೇಳಿದ್ರ ಅಂಜತಿದ್ದಿ, ಅಂಜಿದ್ರ ಬಿಡತಿದ್ದಿ."

ಅಂದರೆ ಒಂದೂವರೆ ವರ್ಷ ನಾನು ಗುಣವಾಗದ ಬಾಯಿಯಿಂದಲೇ ಊದಿದ್ದೆ. ಕಾಕಾ ಎದ್ದು ಬಂದು ಮೌತ್‌ಪೀಸನ್ನು ನನ್ನ ಬಾಯಿಯಲ್ಲಿ ಕೂದಲೆಳೆಯಷ್ಟು ಬಲಕ್ಕೆ ಸರಿಸಿದರು. "ಖರೇ ಹೇಳ್ತೀನಿ, ಈ ಸೋರೂದು ನಿಲ್ಲಾಂಗಿಲ್ಲ. ಕಡಿಮಿ ಆಗತೈತಿ. ದಿನಾ ಸ್ವಲ್ಪ ಸ್ವಲ್ಪ ಊದು, ತುಟಿ ದಣಿಯೂದರಾಗ ಬಿಡು."

ಉಳಿದ ದಿನಗಳಲ್ಲಿ ಮಧ್ಯಾಹ್ನ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಊದಿದೆ. ಕಾಕಾ ಕೊಟ್ಟ ನಾಲ್ಕು ರೀಡಿನಲ್ಲಿ ಒಂದು ತೀರ ಮೆತ್ತಗಾಗಿ ಮೇಲಿನ ಸ್ವರಗಳಲ್ಲಿ ಸೋತಿತು. ಇನ್ನೊಂದನ್ನು ಗಾಜಿನ ಮೇಲೆ ನುಣುಪು ಉಜ್ಜುಕಾಗದವಿಟ್ಟು ಸವರಿದ ಮೇಲೆ ದಾರಿಗೆ ಬಂತು. ಒಳ್ಳೆಯ ಎರಡಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಆದರೂ ಪ್ರತಿಸಲ ಬಾಯಿಗಿಡುವಾಗ ಈ ಸಲ ಬರುವುದಿಲ್ಲ ಎಂದೇ ಅನ್ನಿಸುತ್ತಿತ್ತು.

ನಂದಗಡದಲ್ಲಿ ಮೆರವಣಿಗೆ ಬೆಳಿಗ್ಗೆ ಹೊರಟಿತು. ಮೊದಲ ಹಾಡಿನ ನಡುವೆಯೇ ರೀಡು ಕೀರಿತು. ಡೋಲಿನವನು ತಿರುಗಿ ನೋಡಿದ, ಕುಣಿಯುವವರು ಕುಣಿಯುತ್ತಲೇ ಇದ್ದರು. ಕರವಸ್ತ್ರದಿಂದ ಎಡಮೂಲೆ ಒರೆಸಿಕೊಂಡು ಮತ್ತೆ ಊದಿದೆ. ಮುಕ್ಕಾಲು ತಾಸು ನಡೆಯಿತು. ಮತ್ತೆ ಕೀರಲಿಲ್ಲ, ಆದರೆ ಒಂದು ಹಾಡನ್ನೂ ನಾನು ಕೇಳಿಸಿಕೊಳ್ಳಲಿಲ್ಲ; ಕೇಳಿಸಿದ್ದು ಆ ಸೋರಿಕೆ ಮಾತ್ರ.

ವಾಪಸು ಬರುವಾಗ ಟೆಂಪೋದಲ್ಲಿ ಮಾಲೀಕರು, "ಹೊಸಾದು ಚಲೋ ಐತಿ, ದನಿ ದೊಡ್ಡದಾತು," ಎಂದರು.

ಹೌದ್ರಿ ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಎಡಗಡೆ ಗಾಳಿ ಹೋಗುವುದನ್ನೂ ಅದು ಪೂರ್ತಿ ವಾಸಿಯಾಗದಿರಬಹುದೆಂಬುದನ್ನೂ ಹೇಳಿಬಿಟ್ಟೆ.

"ಮುಂದಿನ ಮದಿವಿಗೆ ಕ್ಲಾರ್ನೆಟ್‌ನವರನ್ನ ನಿಮ್ಮ ಬಾಜೂಕ ನಿಲ್ಲಸೂಣು. ನಿಮಗ ಉಸಿರು ಸಾಲದ ಕಡೆ ಅವರು ಹಿಡೀತಾರ," ಎಂದರು ಮಾಲೀಕರು.

ತಲೆಯಾಡಿಸಿದೆ. ಖಾನಾಪುರ ದಾಟುವಾಗ ಪೆನ್ಸಿಲ್ ಗುರುತಿನ ರೀಡನ್ನು ಬಿಚ್ಚಿ, ಒರೆಸಿ, ನಾಳೆಗೆಂದು ತೆಗೆದಿಟ್ಟೆ.